ಪೆನ್ನು ಹಿಡಿದಾಗ ಮಾತ್ರ ಸೆಟೆಯುವ ಕೈ

“ಸ್ಕ್ಯಾನಿಂಗ್ ಮಾಡಿಸಿದ್ದಾಯಿತು, ಏನೂ ಇಲ್ಲವಂತೆ.” ತಲೆನೋವಿನವರ ಮನೆಯಲ್ಲಿ ಈ ಮಾತು ನೆಮ್ಮದಿಯ ನಿಟ್ಟುಸಿರು. ಬರೆಯಲು ಕೂತರೆ ಕೈ ಸೆಟೆದುಕೊಳ್ಳುವವರ ಮನೆಯಲ್ಲಿ ಇದೇ ಮಾತು ಆರೋಪವಾಗುತ್ತದೆ: ಏನೂ ಇಲ್ಲ ಎಂದ ಮೇಲೆ ಬರೆಯುವುದಕ್ಕೇನು ಧಾಡಿ? ಇದಕ್ಕೆ ಜವಾಬು ಎಂಬಂತೆ ಇನ್ನೊಂದು ಮಾತು ಈಚೆಗೆ ಓದಿದವರ ನಡುವೆ ಓಡಾಡುತ್ತಿದೆ. ಇಂಥವರ ಮಿದುಳಿನ ಸಂಪರ್ಕಗಳಲ್ಲಿ ವ್ಯತ್ಯಾಸ ಇರುವುದು ಸಂಶೋಧನೆಯಲ್ಲಿ ಗೊತ್ತಾಗಿದೆ, ಆದ್ದರಿಂದ ಇದು ಮನಸ್ಸಿನ ಭ್ರಮೆಯಲ್ಲ, ನಿಜವಾದ ಕಾಯಿಲೆ, ಮಿದುಳಿನ ‘ವೈರಿಂಗ್’ ಕೆಟ್ಟಿರುತ್ತದೆ ಎನ್ನುವ ಮಾತು ಅದು. ಮೊದಲನೆಯದು ರೋಗಿಯನ್ನು ದೂರುತ್ತದೆ, ಎರಡನೆಯದು ಅವನ ಪರ ನಿಲ್ಲುತ್ತದೆ. ಹಾಗಾಗಿ ಎರಡೂ ಎದುರುಬದುರು ಎಂದು ನಾವು ತಿಳಿಯುತ್ತೇವೆ. ಆದರೆ ಎರಡರ ಬುಡದಲ್ಲೂ ಇರುವುದು ಒಂದೇ ನಂಬಿಕೆ: ಯಂತ್ರದ ಚಿತ್ರದಲ್ಲಿ ಕಂಡದ್ದು ನಿಜ, ಕಾಣದ್ದು ಮನಸ್ಸಿನದು. ನನ್ನ ತಕರಾರು ಈ ನಂಬಿಕೆಯ ಮೇಲೆ.

ವಾದಕ್ಕೆ ಒಬ್ಬ ಮನುಷ್ಯ ಬೇಕು, ಕಲ್ಪಿಸಿಕೊಳ್ಳೋಣ. ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ಹೋಬಳಿಯವನು, ವಯಸ್ಸು ನಲವತ್ತರ ಆಚೀಚೆ, ಸಂಘವೊಂದರ ಲೆಕ್ಕದ ಪುಸ್ತಕ ಬರೆಯುವವನು. ಮೊದಲ ನಾಲ್ಕು ಸಾಲು ಸರಾಗ. ಐದನೆಯದಕ್ಕೆ ತೋರುಬೆರಳು ತಾನಾಗಿ ಮಡಚಿ ಪೆನ್ನನ್ನು ಒತ್ತತೊಡಗುತ್ತದೆ, ಹೆಬ್ಬೆರಳು ಒಳಸೇರುತ್ತದೆ, ಮಣಿಕಟ್ಟು ಬಾಗುತ್ತದೆ, ತಲಕಟ್ಟು ಎಳೆದು ಮುಗಿಸುವಷ್ಟರಲ್ಲಿ ಹಾಳೆ ತೂತಾಗಿರುತ್ತದೆ. ನೋವು ಅಷ್ಟಿಲ್ಲ, ಜೋಮೂ ಇಲ್ಲ. ಅವನ ಮಾತಿನಲ್ಲಿ ಹೇಳುವುದಾದರೆ “ಬರಿಯಕ್ ಕೂತ್ರೆ ಕೈ ಹಿಡ್ಕತದ”, ಅಷ್ಟೆ. ಅದೇ ಕೈ ಹಸು ಕರೆಯುತ್ತದೆ, ಮುದ್ದೆ ಕಟ್ಟುತ್ತದೆ, ಮೊಬೈಲಿನಲ್ಲಿ ಅಕ್ಷರ ಒತ್ತುತ್ತದೆ. ಮಾದಪ್ಪನ ಪರಸೆಯಲ್ಲಿ ಕಂಸಾಳೆ ಹಿಡಿದರೆ ತಾಳ ಒಂದಿಷ್ಟೂ ತಪ್ಪುವುದಿಲ್ಲ. ವೈದ್ಯರು ಇದನ್ನು ರೈಟರ್ಸ್ ಕ್ರ್ಯಾಂಪ್ ಎನ್ನುತ್ತಾರೆ, ಕನ್ನಡದಲ್ಲಿ ಬರಹಗಾರರ ಸೆಟೆತ ಎನ್ನಬಹುದು. ಡಿಸ್ಟೋನಿಯ ಎಂಬ ದೊಡ್ಡ ಗುಂಪಿಗೆ ಇದು ಸೇರಿದ್ದು. ಬೆರಳನ್ನು ಮಡಿಸುವ ಸ್ನಾಯು ಬಿಗಿಯುವಾಗ ಬಿಡಿಸುವ ಸ್ನಾಯು ಸಡಿಲಬೇಕು, ಇಲ್ಲಿ ಎರಡೂ ಒಟ್ಟಿಗೆ ಬಿಗಿಯುತ್ತವೆ, ಬೇಕಿಲ್ಲದ ನೆರೆಯ ಸ್ನಾಯುಗಳೂ ಜೊತೆಗೆ ಸೇರಿಕೊಳ್ಳುತ್ತವೆ. ತರಗತಿಯಲ್ಲಿ ಒಬ್ಬ ಹುಡುಗನ ಹೆಸರು ಕೂಗಿದರೆ ನಾಲ್ವರು ಎದ್ದು ನಿಂತ ಹಾಗೆ.

ಕಾಯಿಲೆ ಹೊಸದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಕಸುಬಿನ ಕಾಯಿಲೆಗಳ ಕುರಿತ ತನ್ನ ಗ್ರಂಥದ 1713ರ ಆವೃತ್ತಿಯಲ್ಲಿ ಗುಮಾಸ್ತರ ಬಲಗೈ ಸೋಲುವುದನ್ನು ಬರೆದಿದ್ದಾನೆ. ಬಲಗೈ ಸೋತವನೊಬ್ಬ ಎಡಗೈಯಲ್ಲಿ ಬರೆಯಲು ಕಲಿತ, ಕೊನೆಗೆ ಅದಕ್ಕೂ ಅದೇ ಗತಿಯಾಯಿತು ಎಂಬ ಸಂಗತಿಯೂ ಅಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕಿನ ನಿಬ್ಬು, ಆಮೇಲೆ ತಂತಿಯಂತ್ರದ ಕೀಲಿ ಬಂದವು. ತಂತಿ ಕಳಿಸುವವರ ಕೈ ಸೆಟೆತವನ್ನು 1908ರಲ್ಲಿ ಬ್ರಿಟನ್ ಕಾರ್ಮಿಕರ ಪರಿಹಾರ ಕಾಯಿದೆಯ ಪಟ್ಟಿಗೆ ಸೇರಿಸಿತು. ಸಂಗೀತಗಾರರಲ್ಲೂ ಇದರ ಸೋದರ ಕಾಯಿಲೆ ಇದೆ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಷರ್ 1960ರ ದಶಕದ ನಡುವಿನಿಂದ ದಶಕಗಳ ಕಾಲ ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಬೇಕಾಯಿತು. ನಮ್ಮಲ್ಲಿ ‘ಭೂಮಿ’ ಯೋಜನೆಯ ಕಂಪ್ಯೂಟರ್ ಬರುವವರೆಗೆ, ಅಂದರೆ 2000ದ ಸುಮಾರಿನವರೆಗೆ, ಪಹಣಿಯ ಒಂದೊಂದು ಕಾಲಮ್ಮನ್ನೂ ಗ್ರಾಮಲೆಕ್ಕಿಗರು ಕೈಯಲ್ಲೇ ತುಂಬುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2015ರಲ್ಲಿ 125 ಮಂದಿ ಬರಹ-ಸೆಟೆತದ ರೋಗಿಗಳ ಲಕ್ಷಣಗಳನ್ನು ಕಲೆಹಾಕಿ ಪ್ರಕಟಿಸಿದರು. ನಮ್ಮ ನಾಡಿನಲ್ಲಿ ಇದು ಕೇಳರಿಯದ ಕಾಯಿಲೆಯೇನಲ್ಲ.

ಈಗ ಎರಡನೆಯ ಮಾತನ್ನು, ‘ವೈರಿಂಗ್ ಕೆಟ್ಟಿದೆ’ ಎನ್ನುವುದನ್ನು, ಅದರ ಪೂರ್ತಿ ಬಲದೊಂದಿಗೆ ಮುಂದಿಡಬೇಕು. ಅದು ಸುಮ್ಮನೆ ಹುಟ್ಟಿದ ಮಾತಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ಈ ಕಾಯಿಲೆ ಮನೋವೈದ್ಯರ ಕೋಣೆಯಲ್ಲಿತ್ತು. ಬರೆಯಲು ಒಳಗೊಳಗೇ ಇಷ್ಟವಿಲ್ಲದವನ ಕೈ ಹೀಗೆ ಪ್ರತಿಭಟಿಸುತ್ತದೆ ಎಂಬ ವಿವರಣೆಗಳಿದ್ದವು. 1955ರಲ್ಲಿ ಬ್ರಿಟನ್ನಿನ ಇಬ್ಬರು, ಪೆನ್ನನ್ನು ಅತಿಯಾಗಿ ಒತ್ತಿದಾಗಲೆಲ್ಲ ವಿದ್ಯುತ್ ಆಘಾತ ಕೊಟ್ಟು ಅಭ್ಯಾಸ ಬಿಡಿಸುವ ಚಿಕಿತ್ಸೆಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲೇ ವರದಿ ಮಾಡಿದರು. ಈ ಕಾಲವನ್ನು ಕೊನೆಗಾಣಿಸಿದ್ದು 1982ರ ಶೀಹಿ ಮತ್ತು ಮಾರ್ಸ್‌ಡನ್ ಅವರ ಪ್ರಬಂಧ. ಈ ರೋಗಿಗಳಲ್ಲಿ ಮಾನಸಿಕ ತೊಂದರೆ ಉಳಿದ ಜನರಿಗಿಂತ ಹೆಚ್ಚಿಲ್ಲ, ಕೈಯ ಭಂಗಿಯಲ್ಲಿ ಡಿಸ್ಟೋನಿಯದ ಗುರುತುಗಳೇ ಇವೆ ಎಂದು ಅವರು ತೋರಿಸಿದರು. ಆಮೇಲೆ ಸ್ಕ್ಯಾನಿನ ಯುಗ. ಚಲನೆಯನ್ನು ನಡೆಸುವ ತೊಗಟೆ, ಒಳಗಿನ ಬೇಸಲ್ ಗ್ಯಾಂಗ್ಲಿಯ, ಥಲಾಮಸ್, ಹಿಂದಲೆಯ ಕಿರುಮಿದುಳು, ಇವುಗಳ ನಡುವಿನ ಸಂಪರ್ಕಗಳು ಬರಹ-ಸೆಟೆತದವರಲ್ಲಿ ಬೇರೆಯಾಗಿವೆ ಎಂದು ಹತ್ತಾರು ಅಧ್ಯಯನಗಳು ಹೇಳಿದವು. 2012ರ ನೆದರ್‌ಲ್ಯಾಂಡ್ಸ್ ಅಧ್ಯಯನವೊಂದು ಬರವಣಿಗೆಗೆ ಸಂಬಂಧಿಸಿದ ಮುಂಭಾಗದ ಪ್ರದೇಶಕ್ಕೂ ನಡುನೆತ್ತಿಯ ಹಿಂದಿನ ಪ್ರದೇಶಕ್ಕೂ ನಡುವಣ ಸಂಪರ್ಕ ಇವರಲ್ಲಿ ಕಡಿಮೆ ಎಂದಿತು. 2015ರಲ್ಲಿ ನಿಮ್ಹಾನ್ಸ್‌ನ ರೋಸ್ ಡಾನ್ ಭರತ್, ಪ್ರಮೋದ್ ಕುಮಾರ್ ಪಾಲ್ ಮತ್ತು ಸಂಗಡಿಗರು ಇಂಥದೇ ಕ್ಷೀಣತೆಯನ್ನು ಕಂಡರು. ತಲೆಯ ಹೊರಗಿನಿಂದ ಕಾಂತೀಯ ಸ್ಪಂದನಗಳನ್ನು ಒಂದು ಸರದಿ ಕೊಟ್ಟ ಮೇಲೆ ಆ ಸಂಪರ್ಕಗಳಲ್ಲಿ ಕೆಲವು ಬದಲಾದುದನ್ನೂ ಕಂಡರು. ಇಷ್ಟು ಸಾಕ್ಷ್ಯ ಇರುವಾಗ ‘ಇದು ಮಿದುಳಿನ ಕಾಯಿಲೆ’ ಎಂದು ಹೇಳುವುದರಲ್ಲಿ ತಪ್ಪೇನು?

ಆ ತೀರ್ಮಾನದಲ್ಲಿ ತಪ್ಪಿಲ್ಲ. ಅಲ್ಲಿಗೆ ಹೋದ ದಾರಿಯಲ್ಲಿದೆ. ದಾರಿಯನ್ನು ಬಿಡಿಸಿ ಹೀಗೆ ಬರೆಯಬಹುದು:

1. ಸ್ಕ್ಯಾನಿನಲ್ಲಿ ಸಂಪರ್ಕ ಕಡಿಮೆ ಕಂಡಿತೆಂದರೆ ಮಿದುಳಿನೊಳಗೆ ತಂತಿ ಸಡಿಲವಾಗಿದೆ.
2. ರೋಗಿಗಳ ಗುಂಪಿನಲ್ಲಿ ಕಂಡದ್ದು ಈ ರೋಗಿಯಲ್ಲೂ ಇದೆ.
3. ಕಂಡ ವ್ಯತ್ಯಾಸವೇ ಸೆಟೆತಕ್ಕೆ ಕಾರಣ.
4. ಆದ್ದರಿಂದ ಇದು ಮನಸ್ಸಿನದಲ್ಲ, ನಿಜವಾದದ್ದು.

ಈ ನಾಲ್ಕರಲ್ಲಿ ಒಂದೂ ತನ್ನಷ್ಟಕ್ಕೆ ನಿಲ್ಲುವುದಿಲ್ಲ.

ಮೊದಲು ‘ಸಂಪರ್ಕ’ ಎಂಬ ಪದ. ಗೊಂದಲದ ಅರ್ಧ ಪಾಲು ಇದರದು. ಭರತ್ ಬಿಸ್ವಾಲ್ ಎಂಬ ವಿಜ್ಞಾನಿ (ಮೇಲೆ ಹೇಳಿದ ನಿಮ್ಹಾನ್ಸ್ ಪ್ರಬಂಧದ ಲೇಖಕರಲ್ಲಿ ಅವರೂ ಒಬ್ಬರು) 1995ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಒಂದು ವಿಚಿತ್ರ ಸಂಗತಿ ಗಮನಿಸಿದರು. ಯಂತ್ರದೊಳಗೆ ಸುಮ್ಮನೆ ಮಲಗಿದವರ ಮಿದುಳಿನಲ್ಲೂ ಎಡ ಮತ್ತು ಬಲ ಕೈಗಳ ಚಲನೆಗೆ ಸಂಬಂಧಿಸಿದ ಪ್ರದೇಶಗಳ ರಕ್ತದ ಆಮ್ಲಜನಕದ ಮಟ್ಟ ಒಟ್ಟೊಟ್ಟಿಗೆ ಏರಿ ಇಳಿಯುತ್ತಿತ್ತು. ಇಂದು ಸಂಪರ್ಕದ ಅಧ್ಯಯನಗಳು ಬಹುಪಾಲು ಅಳೆಯುವುದು ಇದನ್ನೇ, ಅಂದರೆ ಎರಡು ಜಾಗಗಳ ಏರಿಳಿತ ಎಷ್ಟರ ಮಟ್ಟಿಗೆ ಜೊತೆಯಾಗಿ ಸಾಗುತ್ತದೆ ಎಂಬ ಲೆಕ್ಕವನ್ನು. ಅದೂ ನರಗಳ ಸದ್ದನ್ನಲ್ಲ, ಆ ಸದ್ದಿನ ಹಿಂದೆ ಕೆಲವು ಸೆಕೆಂಡು ತಡವಾಗಿ ಬರುವ ರಕ್ತದ ಹರಿವನ್ನು. ನರದ ಸಂದೇಶ ಸೆಕೆಂಡಿನ ಸಾವಿರದ ಪಾಲುಗಳಲ್ಲಿ ಮುಗಿಯುತ್ತದೆ, ಯಂತ್ರ ಸಾಮಾನ್ಯವಾಗಿ ಎರಡು ಸೆಕೆಂಡಿಗೊಂದು ಚಿತ್ರ ತೆಗೆಯುತ್ತದೆ. ಒಟ್ಟಿಗೆ ಏರಿಳಿಯುವುದಕ್ಕೂ ಒಂದರಿಂದ ಒಂದಕ್ಕೆ ದಾರಿ ಇರುವುದಕ್ಕೂ ಏನು ಸಂಬಂಧ? ಅಮಾವಾಸ್ಯೆ ಬಂತೆಂದರೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಜನ ತುಂಬುತ್ತಾರೆ, ತಮಿಳುನಾಡಿನ ಮೆಟ್ಟೂರಿನಲ್ಲೂ ತುಂಬುತ್ತಾರೆ. ವರ್ಷದ ಲೆಕ್ಕ ಇಟ್ಟು ನೋಡಿದವನಿಗೆ ಎರಡು ಊರುಗಳ ಜನಸಂದಣಿ ಜೊತೆಯಾಗಿ ಏರಿಳಿಯುವುದು ಕಾಣುತ್ತದೆ. ಹಾಗೆಂದು ಕೊಳ್ಳೇಗಾಲದವರು ಮೆಟ್ಟೂರಿಗೆ ಹೊರಟಿದ್ದಾರೆಯೆ? ಎರಡೂ ಕಡೆಯವರು ಹೊರಟಿರುವುದು ಮಾದಪ್ಪನ ಬೆಟ್ಟಕ್ಕೆ, ಒಬ್ಬರು ಹನೂರಿನ ಕಡೆಯಿಂದ, ಇನ್ನೊಬ್ಬರು ಪಾಲಾರಿನ ಕಡೆಯಿಂದ. ಒಂದು ಅಮಾವಾಸ್ಯೆ ಈ ಜೊತೆ ತಪ್ಪಿತು ಎನ್ನಿ. ರಸ್ತೆ ಕೊಚ್ಚಿಹೋಗಿರಬಹುದು, ಆ ಕಡೆಯವರು ಹಿಂದಿನ ದಿನವೇ ಬಂದು ಹೋಗಿರಬಹುದು, ಎಣಿಸುವವನೇ ನಿದ್ದೆ ಹೋಗಿರಬಹುದು. ಸ್ಕ್ಯಾನಿನಲ್ಲೂ ಹೀಗೆಯೇ. ತಲೆ ಒಂದು ಕೂದಲೆಳೆ ಅಲುಗಿದರೂ, ಉಸಿರಾಟದ ಗತಿ ಬದಲಾದರೂ ಈ ಲೆಕ್ಕ ಏರುಪೇರಾಗುತ್ತದೆ. ಅವನ್ನು ಕಳೆಯಲು ಸಂಶೋಧಕರು ಬಹಳ ಶ್ರಮಪಡುತ್ತಾರೆ, ನಿಜ. ಅಷ್ಟಾದರೂ ಉಳಿಯುವುದು ಒಂದು ಸಹಸಂಬಂಧ. ‘ಸಂಪರ್ಕ ಕಡಿಮೆಯಾಗಿದೆ’ ಎಂಬ ವಾಕ್ಯವನ್ನು ‘ತಂತಿ ಕಿತ್ತುಹೋಗಿದೆ’ ಎಂದು ಓದುವುದು ಸಂಶೋಧಕರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿದಂತೆ.

ತಂತಿ ಕಿತ್ತ ಚಿತ್ರ ಇನ್ನೊಂದು ಕಾರಣಕ್ಕೂ ಸಲ್ಲುವುದಿಲ್ಲ, ನನ್ನ ಮಟ್ಟಿಗೆ ಇದೇ ಹೆಚ್ಚು ಗಟ್ಟಿಯಾದದ್ದು. ಸೇತುವೆ ಮುರಿದರೆ ಗಾಡಿ, ಬಸ್ಸು, ಬೈಕು ಯಾವುದೂ ದಾಟುವುದಿಲ್ಲ. ನಮ್ಮ ಲೆಕ್ಕದ ಗುಮಾಸ್ತನ ಕೈಯಲ್ಲಿ ದಾಟದಿರುವುದು ಒಂದೇ ವಾಹನ. ಅದೇ ಬೆರಳು, ಅದೇ ಸ್ನಾಯು, ಅದೇ ನರ ಹಸುವಿನ ಕೆಚ್ಚಲ ಬಳಿ ಹೇಳಿದಂತೆ ಕೇಳುತ್ತವೆ. ಹಲವರಿಗೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದೂ ಕಷ್ಟವಲ್ಲ. ಅಕ್ಷರ ಅದೇ, ಒತ್ತು ದೀರ್ಘ ಎಲ್ಲ ಅವೇ, ಆದರೆ ಅಲ್ಲಿ ಕೆಲಸ ಮಾಡುವುದು ಭುಜ. ಹಾಗಾದರೆ ಕೆಟ್ಟಿರುವುದು ಅಕ್ಷರದ ನೆನಪೂ ಅಲ್ಲ, ಬೆರಳಿನ ಶಕ್ತಿಯೂ ಅಲ್ಲ. ‘ಹಾಳೆಯ ಮೇಲೆ ಪೆನ್ನಿನಿಂದ ಬರೆಯುವುದು’ ಎಂದು ಸಾವಿರಾರು ಗಂಟೆಗಳ ಅಭ್ಯಾಸದಲ್ಲಿ ಒಂದೇ ಗಂಟಾಗಿ ಕಟ್ಟಿಕೊಂಡ ಕೆಲಸವೊಂದು ಕೆಟ್ಟಿದೆ. ಇದಕ್ಕೆ ಆಕ್ಷೇಪವುಂಟು: ಶೀಹಿ ಮತ್ತು ಮಾರ್ಸ್‌ಡನ್ನರೇ ಗುರುತಿಸಿದಂತೆ ಕೆಲವರಲ್ಲಿ ಸೆಟೆತ ಬರವಣಿಗೆಯಲ್ಲಿ ಮೊದಲಾಗಿ ಆಮೇಲೆ ಗುಂಡಿ ಹಾಕುವುದು, ಚಮಚ ಹಿಡಿಯುವುದಕ್ಕೂ ಹಬ್ಬುತ್ತದೆ. ಹಾಗಾಗಿ ‘ಒಂದೇ ಕೆಲಸ’ ಎಂಬ ಗೆರೆ ಅಷ್ಟು ಕಟ್ಟುನಿಟ್ಟಲ್ಲ. ಒಪ್ಪಿದೆ. ಆದರೆ ಹಬ್ಬುವಿಕೆಯೂ ಕೆಲಸದಿಂದ ಕೆಲಸಕ್ಕೆ ಆಗುತ್ತದೆ, ಬೆರಳು ಹಿಡಿಯುವ ಬಗೆ ಹತ್ತಿರವಾದ ಕಡೆಗೆ ಆಗುತ್ತದೆ. ಸೇತುವೆ ಹೀಗೆ ವಾಹನ ನೋಡಿ ಮುರಿಯುವುದಿಲ್ಲ. ಜೊತೆಗೆ ಇದನ್ನೂ ಗಮನಿಸಬೇಕು: ಸೆಟೆತ ಇರುವುದು ಬರೆಯುವಾಗ, ಸಂಪರ್ಕದ ಅಧ್ಯಯನಗಳಲ್ಲಿ ಎಷ್ಟೋ ನಡೆಯುವುದು ರೋಗಿ ಕಣ್ಣುಮುಚ್ಚಿ ಮಲಗಿದ್ದಾಗ. ವಿಶ್ರಾಂತಿಯ ಮಿದುಳಿನಲ್ಲಿ ಅಭ್ಯಾಸದ ನೆರಳು ಬೀಳುತ್ತದೆಂಬುದು ನಂಬತಕ್ಕ ಊಹೆಯೇ. ಆದರೂ ನಾವು ನೋಡುತ್ತಿರುವುದು ನೆರಳನ್ನು.

ಎರಡನೆಯ ಹೆಜ್ಜೆಗೆ ಹೆಚ್ಚು ಹೊತ್ತು ಬೇಡ. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಹೆಚ್ಚು. ಇದು ನೂರಕ್ಕೆ ನೂರು ಸತ್ಯ. ಆದರೆ ‘ಐದೂವರೆ ಅಡಿ’ ಎಂದಷ್ಟೇ ಹೇಳಿದರೆ ಗಂಡೋ ಹೆಣ್ಣೋ ಹೇಳಲಾಗದು. ಸಂಪರ್ಕದ ಅಧ್ಯಯನಗಳ ಫಲಿತಾಂಶವೂ ಇಂಥ ಸರಾಸರಿಯೇ, ಅದೂ ಹದಿನೈದಿಪ್ಪತ್ತು ರೋಗಿಗಳದು, ಅಷ್ಟೇ ಆರೋಗ್ಯವಂತರ ಜೊತೆ ಹೋಲಿಸಿ ತೆಗೆದದ್ದು. ಸಣ್ಣ ಗುಂಪುಗಳ ಸರಾಸರಿ ಹೇಗೆ ಹೊರಳಾಡುತ್ತದೆ ಎನ್ನುವುದಕ್ಕೆ ಇದೇ ಕ್ಷೇತ್ರದಲ್ಲಿ ಉದಾಹರಣೆ ಇದೆ. ಕೈಯ ಡಿಸ್ಟೋನಿಯದವರ ಮಿದುಳಿನ ಬೂದು ಭಾಗ ಕೆಲವೆಡೆ ಹೆಚ್ಚಿದೆ ಎಂದು 2004ರ ಒಂದು ಅಧ್ಯಯನ, ಬರಹ-ಸೆಟೆತದವರಲ್ಲಿ ಅದು ಕಡಿಮೆಯಿದೆ ಎಂದು 2007ರ ಇನ್ನೊಂದು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಒಬ್ಬ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಅವನ ಸಂಪರ್ಕದ ಲೆಕ್ಕ ನೋಡಿ ‘ಹೌದು’ ಅಥವಾ ‘ಇಲ್ಲ’ ಎನ್ನುವ ಪರೀಕ್ಷೆಯಾಗಿ ಇದು ಆಸ್ಪತ್ರೆಯ ದಿನಬಳಕೆಗೆ ಬಂದಿಲ್ಲ. ಇಲ್ಲಿಯೇ ಲೊಕ್ಕನಹಳ್ಳಿಯವನಿಗೆ ಆಗುವ ಅನ್ಯಾಯದ ಬೇರು ಇರುವುದು. ಅವನು ಕೊಳ್ಳೇಗಾಲಕ್ಕೆ ಬಸ್ಸು ಹತ್ತಿ, ಅಲ್ಲಿಂದ ಮೈಸೂರಿಗೋ ಮಳವಳ್ಳಿ, ಕನಕಪುರದ ಮೇಲೆ ಬೆಂಗಳೂರಿಗೋ ಹೋಗಿ, ಸಾವಿರಗಟ್ಟಲೆ ಕೊಟ್ಟು ಮಾಡಿಸುವ ಎಂಆರ್‌ಐ ಬೇರೆ. ಸಂಶೋಧಕರ ಸಂಪರ್ಕದ ಲೆಕ್ಕ ಬೇರೆ. ಆಸ್ಪತ್ರೆಯ ಎಂಆರ್‌ಐ ಹುಡುಕುವುದು ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ಕಲೆ, ಇಂಥವನ್ನು. ಬರಹ-ಸೆಟೆತದಲ್ಲಿ ಅದು ಸಾಮಾನ್ಯವಾಗಿ ‘ನಾರ್ಮಲ್’ ಎಂದೇ ಬರುತ್ತದೆ, ಬರಬೇಕಾದದ್ದೂ ಹಾಗೆಯೇ. ‘ನಾರ್ಮಲ್’ ಎಂದರೆ ‘ನಾವು ಹುಡುಕಿದ್ದು ಇಲ್ಲಿಲ್ಲ’ ಎಂದರ್ಥ. ‘ನಿನಗೆ ಕಾಯಿಲೆ ಇಲ್ಲ’ ಎಂದಲ್ಲ. ಮನೆಯವರು ಎರಡನೆಯ ಅರ್ಥ ಹಿಡಿದರೆ ಅವರನ್ನು ದೂರುವಂತಿಲ್ಲ. ಚಿತ್ರದಲ್ಲಿ ಕಂಡದ್ದೇ ನಿಜ ಎಂದು ಅವರಿಗೆ ಹೇಳಿಕೊಟ್ಟವರು ನಾವೇ, ಓದಿದವರು.

ಮೂರನೆಯದು ಕಾರಣದ ಪ್ರಶ್ನೆ. ಇದು ನಿಜಕ್ಕೂ ಕಠಿಣ. ರೋಗಿಯ ಮಿದುಳಿನಲ್ಲಿ ಒಂದು ವ್ಯತ್ಯಾಸ ಕಂಡಿತು ಎನ್ನಿ. ಅದು ಸೆಟೆತವನ್ನು ಉಂಟುಮಾಡಿದ ಮೂಲದೋಷ ಇರಬಹುದು. ವರ್ಷಗಟ್ಟಲೆ ಸೆಟೆತದ ಕೈಯಲ್ಲಿ ಬರೆದುದರ ಫಲ ಇರಬಹುದು. ಸೆಟೆತವನ್ನು ತಡೆಯಲು ಮಿದುಳು ಹೂಡಿದ ಉಪಾಯವೂ ಇರಬಹುದು: ಹೆದ್ದಾರಿ ಕೆಟ್ಟಾಗ ಹೊಲದ ಬದುವಿನ ಮೇಲೆ ಸವೆದ ಕಾಲುದಾರಿಯನ್ನು ನೋಡಿ, ಈ ಕಾಲುದಾರಿಯಿಂದಲೇ ಹೆದ್ದಾರಿ ಹಾಳಾಯಿತು ಎಂದರೆ ಹೇಗೆ? ಇನ್ನೂ ಒಂದು ಸಾಧ್ಯತೆ, ಅದು ಹುಟ್ಟಿನಿಂದ ಬಂದ ಒಲವಾಗಿರಬಹುದು, ಇದ್ದವರಲ್ಲಿ ಎಲ್ಲರಿಗೂ ಕಾಯಿಲೆ ಬರದೆಯೂ ಇರಬಹುದು. ಇವುಗಳ ನಡುವೆ ಆರಿಸಲು ಒಂದು ಹೊತ್ತಿನ ಚಿತ್ರಕ್ಕೆ ಶಕ್ತಿಯಿಲ್ಲ.

ಬೇರೆ ಬಗೆಯ ಸಾಕ್ಷ್ಯಗಳಿವೆ, ಅವು ಒಂದೇ ದಿಕ್ಕಿಗೆ ಕೈ ತೋರುವುದಿಲ್ಲ. 1996ರಲ್ಲಿ ನ್ಯಾನ್ಸಿ ಬಿಲ್, ಮೈಕೆಲ್ ಮೆರ್ಜೆನಿಕ್ ಮತ್ತು ಸಂಗಡಿಗರು ಕೋತಿಗಳಿಗೆ ಹಿಡಿಯನ್ನು ಮತ್ತೆ ಮತ್ತೆ ಅಮುಕುವ ಕೆಲಸ ಕಲಿಸಿದರು. ಕೆಲಸ ಮುಂದುವರಿದಂತೆ ಕೋತಿಗಳ ಕೈ ಹತೋಟಿ ತಪ್ಪಿತು, ಮಿದುಳಿನಲ್ಲಿ ಬೆರಳುಗಳ ಸ್ಪರ್ಶದ ನಕಾಶೆ ಕಲಸಿಹೋಗಿತ್ತು, ಒಂದು ಬೆರಳಿನ ಜಾಗ ಪಕ್ಕದ ಬೆರಳಿನ ಜಾಗದ ಮೇಲೆ ಹರಡಿತ್ತು. ಅಂದರೆ ಅಭ್ಯಾಸವೇ ಮಿದುಳನ್ನು ಬದಲಿಸಬಲ್ಲದು, ನಾವು ಕಾರಣ ಎಂದುಕೊಂಡದ್ದು ಫಲವಾಗಿರಬಲ್ಲದು. ಆದರೆ ಇದನ್ನೇ ಹಿಡಿದು ‘ಹೆಚ್ಚು ಬರೆದದ್ದರಿಂದಲೇ ಬಂತು’ ಎನ್ನುವವರಿಗೂ ಒಂದು ಪ್ರಶ್ನೆ ಇದೆ: ಜೀವಮಾನವಿಡೀ ಪಹಣಿ ಬರೆದ ಗ್ರಾಮಲೆಕ್ಕಿಗರಲ್ಲಿ ಬಹುಮಂದಿಗೆ ಏಕೆ ಬರಲಿಲ್ಲ? ತೊಂದರೆ ಒಂದೇ ಕೈಯಲ್ಲಿದ್ದರೂ ಸ್ಪರ್ಶವನ್ನು ವಿಂಗಡಿಸುವ ಸೂಕ್ಷ್ಮತೆ ಇನ್ನೊಂದು ಕೈಯಲ್ಲೂ ಕುಂದಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಅದು ಬರೀ ಬರೆದ ಕೈಯ ದಣಿವಿನ ಫಲವಾಗಿರಲಾರದು. ಒಲವೂ ಬೇಕು, ಅಭ್ಯಾಸವೂ ಬೇಕು ಎಂದು ತೋರುತ್ತದೆ. ಯಾವುದು ಎಷ್ಟು ಎಂಬುದು ಸಂಪರ್ಕದ ಚಿತ್ರದಲ್ಲಿ ಬರೆದಿರುವುದಿಲ್ಲ.

ಕಾರಣವನ್ನು ತಿಳಿಯಲು ನೋಡಿದರೆ ಸಾಲದು, ಕೈಹಾಕಬೇಕು. ನಿಮ್ಹಾನ್ಸ್ ಅಧ್ಯಯನದ ಕಾಂತೀಯ ಸ್ಪಂದನ ನನಗೆ ಮುಖ್ಯವಾಗಿ ಕಾಣುವುದು ಇದಕ್ಕಾಗಿಯೇ: ಅಲ್ಲಿ ಬರೀ ಚಿತ್ರ ತೆಗೆಯದೆ, ಒಂದು ಕಡೆ ತಟ್ಟಿ ಇನ್ನೊಂದು ಕಡೆ ಏನಾಗುತ್ತದೆ ಎಂದು ನೋಡಿದರು. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಇನ್ನೂ ನಾಟಕೀಯವಾದ ಪ್ರಸಂಗ ನಡೆದು ಪತ್ರಿಕೆಗಳಲ್ಲಿ ಬಂದಿತ್ತು. ಎಡಗೈಯ ಬೆರಳುಗಳು ಗಿಟಾರ್ ಹಿಡಿದಾಗ ಮಾತ್ರ ಸೆಟೆಯುತ್ತಿದ್ದ ತರುಣನಿಗೆ ಎಚ್ಚರವಿರುವಂತೆಯೇ, ಗಿಟಾರ್ ನುಡಿಸುತ್ತಿರುವಂತೆಯೇ, ಮಿದುಳಿನ ಆಳದ ಸಣ್ಣ ಬಿಂದುವೊಂದನ್ನು ಸುಟ್ಟರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೇ ಬೆರಳುಗಳು ಬಿಟ್ಟುಕೊಂಡವು. ಇದು ಸಹಸಂಬಂಧಕ್ಕಿಂತ ಎಷ್ಟೋ ಬಲವಾದ ಸಾಕ್ಷ್ಯ, ಮಿದುಳಿನ ಆ ಸುತ್ತು ಸೆಟೆತದಲ್ಲಿ ಪಾಲುಗೊಂಡಿದೆ ಎಂಬುದಕ್ಕೆ. ಆದರೆ ಇಲ್ಲೂ ಒಂದು ಹೆಜ್ಜೆ ತಡೆದು ನಿಲ್ಲಬೇಕು. ಕೆರೆಯ ತೂಬು ಮುಚ್ಚಿದರೆ ಗದ್ದೆಗೆ ನುಗ್ಗುತ್ತಿದ್ದ ನೀರು ನಿಲ್ಲುತ್ತದೆ. ಅದರಿಂದ ನೀರು ತೂಬಿನ ಮೂಲಕ ಬರುತ್ತಿತ್ತು ಎಂದು ತಿಳಿಯುತ್ತದೆ, ತೂಬೇ ಕೆಟ್ಟಿತ್ತು ಎಂದು ತಿಳಿಯುವುದಿಲ್ಲ. ಬೊಟುಲಿನಮ್ ಚುಚ್ಚುಮದ್ದಂತೂ ಮಿದುಳಿನ ತಂಟೆಗೇ ಹೋಗದೆ ಮುಂಗೈಯ ಸ್ನಾಯುವನ್ನು ಮೂರು ತಿಂಗಳ ಮಟ್ಟಿಗೆ ಸಡಿಲಗೊಳಿಸಿ ಹಲವರಿಗೆ ಬರವಣಿಗೆಯನ್ನು ಮರಳಿ ಕೊಡುತ್ತದೆ. ಅದರಿಂದ ಕಾಯಿಲೆ ಮುಂಗೈಯಲ್ಲಿದೆ ಎಂದು ಯಾರೂ ವಾದಿಸುವುದಿಲ್ಲವಷ್ಟೆ.

ಉಳಿದದ್ದು ನಾಲ್ಕನೆಯ ಹೆಜ್ಜೆ. ಓದುಗರ ಆಕ್ಷೇಪ ಈ ಹೊತ್ತಿಗೆ ಬಿಸಿಯೇರಿರಬೇಕು: ನೀವು ಹೀಗೆ ಸ್ಕ್ಯಾನಿನ ಸಾಕ್ಷ್ಯವನ್ನು ಒಂದೊಂದಾಗಿ ಕಿತ್ತುಹಾಕಿದರೆ, ಆ ಬಡಪಾಯಿಯನ್ನು ಮತ್ತೆ ‘ಎಲ್ಲ ನಿನ್ನ ಮನಸ್ಸಿನದು’ ಎನ್ನುವವರ ಕೈಗೆ ಒಪ್ಪಿಸಿದಂತಾಗಲಿಲ್ಲವೆ? ಆಕ್ಷೇಪ ನ್ಯಾಯವಾದದ್ದು. ಆದರೆ ಅವನನ್ನು ಕಾಯುತ್ತಿರುವುದು ಸ್ಕ್ಯಾನು ಎಂಬ ಎಣಿಕೆಯೇ ಸರಿಯಲ್ಲ. ಒಂದು ಸಂಗತಿ ನೋಡಿ. ಮಾನಸಿಕ ಒತ್ತಡಕ್ಕೆ ತಳುಕು ಹಾಕಿಕೊಂಡ ಚಲನೆಯ ತೊಂದರೆಗಳೂ ಇವೆ, ವೈದ್ಯರು ಅವನ್ನು ‘ಫಂಕ್ಷನಲ್’ ಎನ್ನುತ್ತಾರೆ. ಅವೂ ಸೋಗಲ್ಲ, ಅವೂ ರೋಗಿಯ ಹತೋಟಿಯಲ್ಲಿಲ್ಲ. ಅಂಥವರ ಮಿದುಳಿನಲ್ಲೂ ಸಂಪರ್ಕದ ವ್ಯತ್ಯಾಸಗಳು ಕಂಡಿವೆ. ಕಾಣದೆ ಇನ್ನೇನು? ಪರೀಕ್ಷೆಯ ಭಯ, ಸಾಲದ ಚಿಂತೆ, ಮಗಳ ಮದುವೆಯ ಯೋಚನೆ ಎಲ್ಲವೂ ನಡೆಯುವುದು ಮಿದುಳಿನಲ್ಲೇ, ಎಲ್ಲಕ್ಕೂ ಅಲ್ಲಿ ಹೆಜ್ಜೆಗುರುತು ಬಿದ್ದೇ ಬೀಳುತ್ತದೆ. ಮಿದುಳಿನಲ್ಲಿ ವ್ಯತ್ಯಾಸ ಇದೆಯೆಂಬುದು ಮನಸ್ಸಿನದನ್ನೂ ಮಿದುಳಿನದನ್ನೂ ಬೇರ್ಪಡಿಸುವ ಜರಡಿಯಾಗಲಾರದು, ಏಕೆಂದರೆ ಆ ಜರಡಿಯಲ್ಲಿ ಕೆಳಗೆ ಬೀಳುವುದು ಯಾವುದೂ ಇಲ್ಲ. ‘ಮನಸ್ಸಿನದು’ ಎಂದು ಮನೆಯವರು ಹೇಳುವಾಗ ಅವರು ಶರೀರಶಾಸ್ತ್ರ ಹೇಳುತ್ತಿಲ್ಲ. ‘ಮನಸ್ಸು ಮಾಡಿದರೆ ಬರೆಯಬಲ್ಲೆ’ ಎನ್ನುತ್ತಿದ್ದಾರೆ. ಉತ್ತರ ಬೇಕಾದದ್ದು ಆ ಮಾತಿಗೆ.

ಅದಕ್ಕೆ ಉತ್ತರ ಕೈಯಲ್ಲೇ ಇದೆ. ಎಡಗೈಯಲ್ಲಿ ಬರೆಯಲು ಹೇಳಿದರೆ, ಸುಮ್ಮನೆ ತೊಡೆಯ ಮೇಲಿಟ್ಟ ಬಲಗೈ ಎಷ್ಟೋ ಸಲ ತನ್ನಷ್ಟಕ್ಕೆ ಅದೇ ಸೆಟೆದ ಭಂಗಿಗೆ ತಿರುಗುತ್ತದೆ. ವೈದ್ಯರು ಇದನ್ನು ಕನ್ನಡಿ ಡಿಸ್ಟೋನಿಯ ಎನ್ನುತ್ತಾರೆ. ಇನ್ನೊಂದು ಕೈಯ ಬೆರಳಿನಿಂದ ಮಣಿಕಟ್ಟನ್ನು ಹಗುರಾಗಿ ಮುಟ್ಟಿದರೆ ಕೆಲವರಲ್ಲಿ ಬಿಗಿ ಸಡಿಲುತ್ತದೆ. ಸೂಜಿಯಿಟ್ಟು ಸ್ನಾಯುವಿನ ವಿದ್ಯುತ್ತನ್ನು ಅಳೆದರೆ ಎದುರುಬದುರು ಸ್ನಾಯುಗಳು ಒಟ್ಟಿಗೆ ಬಿಗಿದಿರುವುದು ಕಾಣುತ್ತದೆ. ಬರೆಯಲು ಮನಸ್ಸಿಲ್ಲದೆ ಸೋಗು ಹಾಕುವವನಿಗೆ ಈ ಗುರುತುಗಳು ಇಂಥವೇ ಇರಬೇಕೆಂದು ಯಾರು ಹೇಳಿಕೊಟ್ಟಾರು? ರಾಮಜ್ಜಿನಿಯ ಇಟಲಿಯ ಗುಮಾಸ್ತನಿಗೂ ಹನೂರು ತಾಲ್ಲೂಕಿನವನಿಗೂ ಪರಿಚಯವಿಲ್ಲ, ಆದರೂ ಕೈ ಸೋಲುವ ಬಗೆ ಒಂದೇ. ಯಾರಾದರೂ ಬರೆಯುವುದನ್ನು ನೋಡುತ್ತ ನಿಂತರೆ ಸೆಟೆತ ಹೆಚ್ಚುತ್ತದಲ್ಲ, ಅದು ಮನಸ್ಸಿನದೆನ್ನಲು ಅಷ್ಟು ಸಾಲದೆ ಎಂದು ಕೇಳುವವರಿದ್ದಾರೆ. ಪಾರ್ಕಿನ್ಸನ್ ರೋಗಿಯ ಕೈನಡುಕವೂ ನಾಲ್ಕು ಜನರೆದುರು ಹೆಚ್ಚುತ್ತದೆ. ಅದನ್ನು ಯಾರೂ ಸೋಗು ಎನ್ನುವುದಿಲ್ಲ.

ಹಾಗಾದರೆ ಸಂಪರ್ಕದ ಅಧ್ಯಯನಗಳಿಗೆ ಬೆಲೆಯೇ ಇಲ್ಲವೆ? ಇದೆ, ಬೇರೆ ಅಂಗಡಿಯಲ್ಲಿ. ಕಾಂತೀಯ ಸ್ಪಂದನವನ್ನು ತಲೆಯ ಯಾವ ಜಾಗಕ್ಕೆ ಕೊಡಬೇಕು, ಕಿರುಮಿದುಳಿಗೆ ಇದರಲ್ಲಿ ಪಾಲುಂಟೆ, ಮತ್ತೆ ಅಭ್ಯಾಸ ಮಾಡಿಸುವ ಚಿಕಿತ್ಸೆ ನಡೆಯುವಾಗ ಯಾವ ಜಾಲ ಮೊದಲು ಅಲುಗುತ್ತದೆ ಎಂಬ ಪ್ರಶ್ನೆಗಳಿಗೆ ಅವು ದಾರಿ ತೋರುತ್ತವೆ. ಎಲ್ಲಿ ಹುಡುಕಬೇಕು ಎಂದು ಹೇಳುವ ಕೆಲಸಕ್ಕೆ ಹುಟ್ಟಿದವನ್ನು ಯಾರನ್ನು ನಂಬಬೇಕು ಎಂದು ಹೇಳುವ ಕೆಲಸಕ್ಕೆ ಹಚ್ಚಿದ್ದರಿಂದ ಈ ಗೊಂದಲ.

ಯಾರನ್ನು ನಂಬಬೇಕು ಎಂಬ ಪ್ರಶ್ನೆ ನಮ್ಮಲ್ಲಿ ನ್ಯಾಯಾಲಯಕ್ಕೂ ಹೋಗಿದೆ. ಬರಹ-ಸೆಟೆತವಿದ್ದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ಒದಗಿಸಲು ನಿರಾಕರಿಸಲಾಗಿತ್ತು. ಅಂಗವೈಕಲ್ಯ ಶೇ. 40ರ ಮಿತಿ ಮುಟ್ಟುವುದಿಲ್ಲ ಎಂಬುದು ಅಡ್ಡಿ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಅಡ್ಡಿಯನ್ನು ತೆಗೆದುಹಾಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಮೀಸಲಾತಿಗೆ ಆ ಮಿತಿ ಇರಬಹುದು, ಆದರೆ ಬರೆಯಲಾಗದವನಿಗೆ ಬರೆದುಕೊಡುವವರನ್ನು ಒದಗಿಸಲು ಅದೇ ಅಳತೆಗೋಲು ಸಲ್ಲದು ಎಂದಿತು. ಅದರಂತೆ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಶೇ. 40ಕ್ಕಿಂತ ಕೆಳಗಿನವರಿಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯ ವೈದ್ಯರ ಸಮಿತಿ ನೋಡಿ ದೃಢೀಕರಿಸಬೇಕಿದ್ದುದು ಒಂದೇ: ಈ ವ್ಯಕ್ತಿಗೆ ತನ್ನ ಸ್ಥಿತಿಯಿಂದಾಗಿ ಬರೆಯುವುದಕ್ಕೆ ತೊಡಕಿದೆಯೆ, ಲಿಪಿಕಾರರು ಬೇಕೆ. ಸಮಿತಿಯ ಸದಸ್ಯರ ಪಟ್ಟಿಯಲ್ಲಿ ನರತಜ್ಞರ ಹೆಸರಿನ ಮುಂದೆ ‘ಲಭ್ಯವಿದ್ದರೆ’ ಎಂದಿತ್ತು. ಜಿಲ್ಲಾ ಆಸ್ಪತ್ರೆಗಳಲ್ಲಿ ಅವರು ಸಿಗುವುದು ಅಪರೂಪವೆಂದು ಬರೆದವರಿಗೆ ಗೊತ್ತಿದ್ದಿರಬೇಕು. ಚಾಮರಾಜನಗರದಲ್ಲಿ ಅಂಥ ಸಮಿತಿಯ ಮುಂದೆ ನಾಳೆ ನಮ್ಮ ಗುಮಾಸ್ತನ ಮಗನೇ ಇದೇ ಸೆಟೆತದೊಂದಿಗೆ ನಿಂತರೆ, ಎಂಆರ್‌ಐ ವರದಿ ಎಲ್ಲಿ ಎಂದು ಕೇಳುವ ಬದಲು ಅವನ ಕೈಗೊಂದು ಪೆನ್ನು ಕೊಟ್ಟು ಎರಡು ಪುಟ ಬರೆಯಲು ಹೇಳಲಿ, ಆಮೇಲೆ ಅದೇ ಪೆನ್ನನ್ನು ಎಡಗೈಗೆ ಕೊಟ್ಟು, ಬಲಗೈಯ ಮೇಲೆ ಕಣ್ಣಿಟ್ಟಿರಲಿ.